ಮುದಕಮ್ಮನ ಒಳಕಲ್ಲಿನಲ್ಲಿ ಊರಿನ ಗುಟ್ಟು

ಕುಷ್ಟಗಿಯಲ್ಲಿ ಬೆಳಗಿನ ಆರು ಗಂಟೆ. ಹಿತ್ತಲಿನ ಒಳಕಲ್ಲಿನ ಮುಂದೆ ಕುಳಿತು ಮುದಕಮ್ಮ ಆಧಾರ್ ಕಾರ್ಡ್ ರುಬ್ಬುತ್ತಿದ್ದಾರೆ. ಹೌದು, ನೀವು ಓದಿದ್ದು ಸರಿಯಾಗಿಯೇ ಇದೆ. ಹಿಂದಿನ ದಿನ ನೆನೆಹಾಕಿದ ಝೆರಾಕ್ಸ್ ರದ್ದಿ, ಜೊತೆಗೊಂದು ಹಿಡಿ ಮೆಂತ್ಯ. ಯಾರದೋ ಮೂಗು, ಯಾರದೋ ಫೋನ್ ನಂಬರಿನ ಕೊನೆಯ ಎರಡು ಅಂಕಿ ಗುಂಡಿನ ಕೆಳಗೆ ಸಿಕ್ಕಿ ಬೂದು ಹಿಟ್ಟಾಗುತ್ತವೆ.

"ಮಸಾಲಿ ಅರದಂಗ ಅರೀಬೇಕ್ರಿ. ಒಂದಕ್ಷರ ಉಳದ್ರೂ ನನಗ ನಾಷ್ಟಾ ಇಳಿಯಂಗಿಲ್ಲ" ಎಂದು ನಗುತ್ತಾರೆ.

ಐವತ್ತೆರಡರ ಮುದಕಮ್ಮ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ನಡೆಸುತ್ತಾರೆ. ಹತ್ತನೇ ತರಗತಿ ಫೇಲಾಗಿ ಏಳೆಂಟು ವರ್ಷ ಮನೆಯಲ್ಲೇ ಇದ್ದು, 1997ರಲ್ಲಿ, ಇದೇ ಜಾಗದಲ್ಲಿದ್ದ ಎಸ್‌ಟಿಡಿ ಬೂತಿನ ಕೆಲಸಕ್ಕೆ ಸೇರಿದವರು. ಗಾಜಿನ ಬಾಗಿಲಾಚೆ ಸೊಸೆಯಂದಿರು ತವರಿಗೆ ಫೋನ್ ಹಚ್ಚಿ ಅತ್ತಿದ್ದು, ಬೀಗರು ಜಗಳಾಡಿದ್ದು ಎಲ್ಲವೂ ಕಿವಿಗೆ ಬಿದ್ದಿದೆ. ಬಾಯಿಂದ ಮಾತ್ರ ಒಂದು ಮಾತೂ ಹೊರಬಿದ್ದಿಲ್ಲ. "ಊರಿಗೂರ ನನ್ನ ಹೊಟ್ಯಾಗ ಐತ್ರಿ" ಎನ್ನುತ್ತಾರೆ.

ಬೂತು ಹೋಗಿ ಕಂಪ್ಯೂಟರ್ ಬಂತು. ಈಗ ದಿನಕ್ಕೆ ಮುನ್ನೂರು ಝೆರಾಕ್ಸ್, ಮೂವತ್ತು ಅರ್ಜಿ. ಹಳ್ಳಿಯಿಂದ ಬಂದವರು ಫೋನನ್ನೇ ಕೈಗಿಟ್ಟು "ನೀನ ನೋಡಬೇ ಯವ್ವಾ" ಎನ್ನುತ್ತಾರೆ. ಓದು ಬಂದವರೋ, ಒಟಿಪಿಯನ್ನು ಇಡೀ ಸಾಲಿಗೆ ಕೇಳುವಂತೆ ಕೂಗುತ್ತಾರೆ.

"ಯಜ್ಜಾ, ಅದೇನ್ ಡಂಗುರ ಸಾರೋದಲ್ಲ. ನಿನ್ನ ಬೆರಳಿಂದ ನೀನ ಒತ್ತು. ಬರಲಿಲ್ಲಂದ್ರ ಕಲಿಸ್ತೀನಿ" ಎಂದು ಮುದಕಮ್ಮ ಗದರುತ್ತಾರೆ. ಗಿರಾಕಿ ಪಾಸ್‌ವರ್ಡ್ ಒತ್ತುವಾಗ ಗೋಡೆಯ ಕಡೆ ತಿರುಗುತ್ತಾರೆ. ವಾಟ್ಸ್ಆ್ಯಪ್‌ಗೆ ಬಂದ ಕಾಗದಪತ್ರವನ್ನು ಕೆಲಸ ಮುಗಿದ ಕೂಡಲೇ ಅವರೆದುರೇ ಅಳಿಸುತ್ತಾರೆ.

ಇಷ್ಟೊಂದು ಶಿಸ್ತು ಮೊದಲು ಇರಲಿಲ್ಲ. ಆರು ವರ್ಷದ ಹಿಂದಿನವರೆಗೆ ಕೆಟ್ಟ ಪ್ರತಿಗಳೆಲ್ಲ ಎದುರಿನ ರಾಜಾಸಾಬರ ಮಿರ್ಚಿಭಜಿ ಅಂಗಡಿಗೆ ಹೋಗುತ್ತಿದ್ದವು. ಊರಿನ ಅರ್ಧ ಮಂದಿ ಇನ್ನರ್ಧ ಮಂದಿಯ ಆಧಾರ್ ಕಾರ್ಡಿನಲ್ಲಿ ಬಿಸಿ ಮಿರ್ಚಿ ಕಟ್ಟಿಸಿಕೊಂಡು ತಿಂದಿದ್ದಾರೆ. ಯಾರಿಗೂ ಅದು ತಪ್ಪೆನಿಸಿರಲಿಲ್ಲ.

ಒಂದು ದಿನ ನರ್ಸಿಂಗ್ ಓದುತ್ತಿದ್ದ ರಂಜಿತಾ ಕಣ್ಣೀರು ಹಾಕುತ್ತ ಅಂಗಡಿಗೆ ಬಂದಳು. ಗುರುತಿಲ್ಲದವನೊಬ್ಬ ಎಡೆಬಿಡದೆ ಫೋನ್ ಮಾಡುತ್ತಿದ್ದ. ಅವಳ ಫೋಟೊ ಹಾಕಿ ನಕಲಿ ಖಾತೆಯನ್ನೂ ತೆರೆದಿದ್ದ. ಇವಳೇ ನಂಬರ್ ಕೊಟ್ಟಿರಬೇಕೆಂದು ಅಜ್ಜಿ ಸಣ್ಣವ್ವ ಕಾಲೇಜು ಬಿಡಿಸಲು ಹಟ ಹಿಡಿದಿದ್ದರು. ಮುದಕಮ್ಮ ಆ ಫೋಟೊ ನೋಡಿದರು. ಹಣೆಯ ಮೇಲೊಂದು ಸಣ್ಣ ಕಪ್ಪು ಗೆರೆ. ಆಗ ಅವರ ಝೆರಾಕ್ಸ್ ಯಂತ್ರ ಪ್ರತಿ ಹಾಳೆಯ ಮೇಲೂ ಎಳೆಯುತ್ತಿದ್ದ ಗೆರೆ ಅದು. ಅವಳ ಅರ್ಜಿಯ ಕೆಟ್ಟ ಪ್ರತಿ ಮಿರ್ಚಿಯ ಜೊತೆ ಯಾರದೋ ಕೈ ಸೇರಿತ್ತು.

"ಸುಮ್ನಿದ್ರ ಯಾರಿಗೂ ತಿಳೀತಿರಲಿಲ್ಲ. ಆದ್ರ ಹುಡುಗಿ ಓದು ಅಲ್ಲಿಗೇ ನಿಂತ ಬಿಡ್ತಿತ್ತು."

ಅಂದೇ ಸಂಜೆ ಸಣ್ಣವ್ವನ ಮನೆಗೆ ಹೋದರು. "ತಪ್ಪು ನಂದೈತಿ, ಹುಡುಗೀದಲ್ಲ. ಬೈಯೋದಿದ್ರ ನನಗ ಬೈಯವ್ವ" ಎಂದರು. ಸಣ್ಣವ್ವ ಏನೂ ಉಳಿಸಿಕೊಳ್ಳದೆ ಬೈದರು. ಮರುದಿನ ಅದೇ ಸಣ್ಣವ್ವ ಮೊಮ್ಮಗಳ ಕೈ ಹಿಡಿದು ಮುದಕಮ್ಮನ ಜೊತೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಖಾತೆ ಬಂದ್ ಆಯಿತು, ಫೋನೂ ನಿಂತಿತು. ಕಾಲೇಜು ಮುಂದುವರಿಯಿತು. ರಂಜಿತಾ ಈಗ ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ನರ್ಸ್.

ಅಂದಿನಿಂದ ರಾಜಾಸಾಬರಿಗೆ ಹಳೆಯ ದಿನಪತ್ರಿಕೆಯೇ ಗತಿ. ಝೆರಾಕ್ಸ್ ರದ್ದಿ ಒಳಕಲ್ಲಿಗೆ. ಮೆಂತ್ಯದಿಂದ ಅಂಟಾದ ಹಿಟ್ಟನ್ನು ಕೊಡದ ಬೆನ್ನಿಗೆ ಬಳಿದು ಒಣಗಿಸಿದರೆ ಗಟ್ಟಿ ಬುಟ್ಟಿ ತಯಾರು. ಇಂಥ ಬುಟ್ಟಿ ಓಣಿಯ ಮನೆಮನೆಯಲ್ಲೂ ಇದೆ. ಮೊದಲನೆಯದು ಸಣ್ಣವ್ವನ ಅಡುಗೆಮನೆಯಲ್ಲಿದೆ.

ಮುದಕಮ್ಮನ ಜೊತೆ ನಾನು ಅಲ್ಲಿಗೆ ಹೋದಾಗ ರಜೆಗೆ ಬಂದಿದ್ದ ರಂಜಿತಾ ಅದೇ ಬುಟ್ಟಿಯಲ್ಲಿ ಜೋಳದ ರೊಟ್ಟಿ ತಂದಿಟ್ಟಳು. "ಊರಿನ ಒಂದು ಗುಟ್ಟಾದರೂ ಹೇಳುತ್ತೀರಾ?" ಎಂದು ಮುದಕಮ್ಮನನ್ನು ಕೇಳಿದೆ. ಅವರು ರೊಟ್ಟಿ ಮುರಿದು ನನ್ನ ಕೈಗಿತ್ತು, ಬುಟ್ಟಿಯನ್ನು ನನ್ನ ಕಡೆ ತಿರುಗಿಸಿದರು.

"ಇದ್ರಾಗ ನೂರಾರು ಮಂದಿ ಹೆಸರು, ನಂಬರು ಅದಾವ್ರಿ. ಒಂದರ ಓದ್ರಿ ನೋಡೂಣು."