ಕಂಡಷ್ಟನ್ನೇ ಬರೆದುಕೊಟ್ಟ ಫಕೀರಪ್ಪ

ಧಾರವಾಡದ ಸಪ್ತಾಪುರದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆರು ಜನ ಒಂದು ತಂತಿಕಂಬವನ್ನು ಹೆಗಲಿಗೇರಿಸಿಕೊಂಡು ರಸ್ತೆ ದಾಟುತ್ತಿದ್ದಾರೆ. ಎಲ್ಲರ ಹಿಂದೆ ಬುಡದ ಭಾರ ಹೊತ್ತಿರುವ ಫಕೀರಪ್ಪನವರಿಗೆ ಐವತ್ತೆರಡು ವರ್ಷ. ದಿನಕ್ಕೆ ಏಳು ಕಂಬ; ಹೆಗಲು ಜಡ್ಡುಗಟ್ಟಿದೆ. ನಾಲ್ಕು ವರ್ಷದ ಹಿಂದೆ ಇವರು ಹುಬ್ಬಳ್ಳಿ-ಧಾರವಾಡ ತಂತಿಸಾಲಿನ ಲೈನ್‌ಮನ್ ಆಗಿದ್ದರು.

ಹರೆಯದಲ್ಲಿ ಇವರು ಒಂಬತ್ತು ವರ್ಷ ಟಿಬೇಟಿನ ಗ್ಯಾಂಟ್ಸೆಯಲ್ಲಿ ತಂತಿ ಕೆಲಸ ಮಾಡಿ ಬಂದವರೆಂದು ಓಣಿಯವರಿಗೇ ಗೊತ್ತಿಲ್ಲ. ಅಲ್ಲಿಯ ಮಾತನ್ನು ಹೇಸರಗತ್ತೆ ಹೊಡೆಯುವವರಿಂದ ಕಲಿತರು. ಒಮ್ಮೆ ಮುಂದಿನ ಸೇತುವೆ ಮುರಿದಿದೆಯೆಂದು ಯಾರೋ ಅಂದದ್ದನ್ನು ಅವರಿಗೆ ತಿಳಿಸುವಾಗ ಮಾತಿನ ಕೊನೆಗೆ ‘ಸೋಂಗ್’ ಸೇರಿಸಿಬಿಟ್ಟರು. ಹಾಗೆಂದರೆ ಹೇಳುವವನೇ ಕಣ್ಣಾರೆ ಕಂಡಿದ್ದಾನೆಂದು ಅರ್ಥ. ಮೂವತ್ತು ಹೇಸರಗತ್ತೆಗಳು ಹಿಂದೆ ತಿರುಗಿದವು. ಸೇತುವೆ ಗಟ್ಟಿಯಾಗಿಯೇ ಇತ್ತು!

ಪತ್ರಿಕೆಗೆ ಬರೆಯಲು ಬಂದ ನನಗೆ ಫಕೀರಪ್ಪ ಹೇಳುತ್ತಾರೆ: “ಸುದ್ದಿ ಸುಳ್ಳಾತು ಅಂತ ಬೈಲಿಲ್ರಿ. ನೋಡದ್ದನ್ನ ನೋಡೇನಿ ಅಂದೆಲ್ಲಾ, ಅದಕ್ಕ ಬೈದ್ರು. ಗುರುತು ನೋಡಿ ತಿಳಕೊಂಡಿದ್ರ ‘ಶಾಗ್’ ಅನಬೇಕು, ಮಂದಿ ಹೇಳಿದ್ರ ‘ಸೆ’. ನಾವೂ ‘ಮುರದೈತಂತ’ ಅಂತೀವಲ್ಲ, ಹಂಗ. ಆದ್ರ ಅವರು ಎಲ್ಲಿಂದ ತಿಳೀತು ಅನ್ನೂದನ್ನ ಬಿಟ್ಟು ಮಾತಾಡೂದ ಇಲ್ರಿ.”

ಅಂದಿನಿಂದ ಇವರ ದಿನಚರಿ ಪುಸ್ತಕದಲ್ಲಿ ಪ್ರತಿ ದುರಸ್ತಿಯ ಮುಂದೆಯೂ ಕಂಡದ್ದೋ, ಗುರುತಿನಿಂದ ತಿಳಿದದ್ದೋ, ಕೇಳಿದ್ದೋ ಎಂದು ಬರೆದಿರುತ್ತದೆ. ಜೊತೆಯವರು ನಗುತ್ತಿದ್ದರು. ನಲವತ್ತೆರಡರ ಚಳವಳಿಯಲ್ಲಿ ನಗು ನಿಂತಿತು. ಲಕಮನಹಳ್ಳಿಯ ಹತ್ತಿರ ತಂತಿ ತುಂಡಾಗಿತ್ತು. ಇವರು ದುರಸ್ತಿಗೆ ಹೋದಾಗ ಕಂಬದ ಬುಡದಲ್ಲಿ ರೈತ ಹೊಳೆಯಪ್ಪ ಅದರ ತುದಿ ಹಿಡಿದು ನಿಂತಿದ್ದ. ‘ಕತ್ತರಿಸುವುದನ್ನು ಕಣ್ಣಾರೆ ಕಂಡೆ’ ಎಂದು ಫೌಜದಾರ ಇವರ ಹೆಸರಿನಲ್ಲಿ ತಾನೇ ಸಾಕ್ಷಿಯ ಜಬಾನಿ ಬರೆದು ತಂದ. ಫಕೀರಪ್ಪ ಆ ಸಾಲನ್ನು ಹೊಡೆದುಹಾಕಿ, ‘ಹಿಡಿದು ನಿಂತದ್ದು ಕಂಡೆ, ಕತ್ತರಿಸಿದ್ದು ಕಂಡಿಲ್ಲ’ ಎಂದು ಬರೆದು ಸಹಿ ಮಾಡಿದರು. ಎರಡು ದಿನ ಚಾವಡಿಯಲ್ಲಿ ಕೂಡಿಸಿ ಗದರಿಸಿದರೂ ಬದಲಿಸಲಿಲ್ಲ. ಬೇರೆ ಸಾಕ್ಷಿಯಿಲ್ಲದೆ ಹೊಳೆಯಪ್ಪ ಬಿಡುಗಡೆಯಾದ. ಇವರನ್ನು ಕಂಬ ಹೊರಲು ಹಚ್ಚಿದರು. ನನಗಂತೂ ಮೈ ಉರಿಯುತ್ತದೆ.

“ಕತ್ತರಿಸಿದ್ದು ಅವನೇ ಇರಬೇಕಲ್ಲ?” ಎಂದು ಕೆಣಕುತ್ತೇನೆ.

“ಇರಬಹುದ್ರಿ. ಎತ್ತಿನ ಕಾಲಿಗೆ ತೊಡರಿತ್ತು, ಬಿಡಸಾಕ ಹಿಡಿದೆ ಅಂದ. ಅದನ್ನೂ ನಾ ನೋಡಿಲ್ಲ.”

ಈಗ ಹೊಸ ಸಾಹೇಬರು ದೊಡ್ಡ ಮನಸ್ಸು ಮಾಡಿದ್ದಾರಂತೆ! ಅಂದು ಜಬಾನಿ ತಿದ್ದಿದ್ದು ತಮ್ಮ ತಪ್ಪೆಂದು ಫಕೀರಪ್ಪ ಬರೆದುಕೊಟ್ಟರೆ ಹಳೆಯ ಕೆಲಸ ಮರಳಿ ಸಿಗುತ್ತದೆ. ಬುತ್ತಿ ತಂದಿರುವ ಹೆಂಡತಿ ಕಾಳವ್ವ ಗಂಡನ ಹೆಗಲು ನೋಡಿ ಕಣ್ಣೊರೆಸಿಕೊಳ್ಳುತ್ತಾರೆ. “ಇವರ ಕಷ್ಟ ನೋಡಾಕ ಆಗವಲ್ದು. ಆದ್ರ ಬರಕೊಡ್ರಿ ಅನ್ನಾಕ ನನಗ ಬಾಯಿ ಬರೂದಿಲ್ರಿ.”

ರೊಟ್ಟಿ ಮುಗಿಯುವ ಹೊತ್ತಿಗೆ ಕಚೇರಿಯ ಸಿಪಾಯಿ ಮೌಲಾಲಿ ಬರುತ್ತಾನೆ. ತಪ್ಪೊಪ್ಪಿಗೆಯ ಕಾಗದ ತಯಾರಾಗಿದೆ, ಸಹಿಯೊಂದೇ ಬಾಕಿ. ಇವತ್ತೇ ಕಡೆಯ ದಿನ. ಫಕೀರಪ್ಪ ಪೂರ್ತಿ ಓದಿ, ಮಡಚಿ, ಅವನ ಕೈಗೇ ವಾಪಸು ಕೊಡುತ್ತಾರೆ. “ಸಾಹೇಬರಿಗೆ ಹೇಳಪಾ, ಹೊರಾಕ ಹೆಗಲು ಗಟ್ಟಿ ಐತಿ. ಸಹಿ ಸಿಗೂದಿಲ್ಲ.”

ನಿಮ್ಮಂಥ ಸತ್ಯವಂತರನ್ನು ನಾನು ಕಂಡಿಲ್ಲ, ಹಾಗೆಯೇ ಬರೆಯುತ್ತೇನೆ ಎನ್ನುತ್ತೇನೆ.

“ಬ್ಯಾಡ್ರಿ, ಹಿಂದಿಂದೆಲ್ಲಾ ನಾ ಹೇಳಿದ್ದು, ನೀವು ಕೇಳಿದ್ದು. ಈಗ ಸಹಿ ಮಾಡಲಿಲ್ಲ ಅಂತ ಬರೀರಿ. ಅದನ್ನ ನೀವ ನೋಡೀರಿ.”