ಹಾಲಮ್ಮನ ಅನೂರ್ಜಿತ ಮದುವೆ

ಯಗಟಿಯ ಹಾಲಮ್ಮನಿಗೆ ಆ ಕಾಗದ ಓದಿ ಹೇಳಿದವರು ಜಯದೇವಪ್ಪ ಮೇಷ್ಟ್ರು. ಎಪ್ಪತ್ತೊಂಬತ್ತನೇ ಇಸವಿ. ಬೀರೂರಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಗಂಡ ಬಸವರಾಜಪ್ಪ ತೀರಿಕೊಂಡು ವರ್ಷ ತುಂಬಿತ್ತು. ಪಿಂಚಣಿಗೆ ಅವಳು ಹಾಕಿದ್ದ ಅರ್ಜಿಗೆ ಉತ್ತರ ಬಂದಿತ್ತು: ಮೊದಲ ಹೆಂಡತಿ ಕಾಶಮ್ಮ ಬದುಕಿರುವಾಗ ನಡೆದದ್ದರಿಂದ ಹಾಲಮ್ಮನ ಮದುವೆ ಅನೂರ್ಜಿತ.

"ಹಂಗಂದ್ರೆ ಏನು ಮೇಷ್ಟ್ರೇ? ರದ್ದಾಯ್ತಾ?"

"ರದ್ದಲ್ಲ ಕಣಮ್ಮ. ರದ್ದಾಗ್ಬೇಕಾದ್ರೆ ಮೊದ್ಲು ಇರ್ಬೇಕಲ್ಲ? ಇದು ಕಾನೂನಿನ ಲೆಕ್ಕಕ್ಕೆ ಮೊದ್ಲಿಂದ್ಲೂ ಇಲ್ಲ. ನಿನ್ನ ಮದುವೆ ಆಗೇ ಇಲ್ಲ."

ಅಯ್ಯೋ ಶಿವನೇ! ಚಪ್ಪರ ಹಾಕಿ, ವಾಲಗ ಊದಿಸಿ, ಊರಿಗೆಲ್ಲ ಊಟ ಹಾಕಿದ ಮದುವೆ. ತನಗೆ ಮಕ್ಕಳಾಗಲಿಲ್ಲವೆಂದು ಕಾಶಮ್ಮನೇ ಲಿಂಗದಹಳ್ಳಿಗೆ ಹೋಗಿ, ಹದಿನೆಂಟರ ಹುಡುಗಿಯನ್ನು ಒಪ್ಪಿಸಿ ತಂದು, ಮುಂದೆ ನಿಂತು ಮಾಡಿಸಿದ್ದಳು. ಹಾಲಮ್ಮನಿಗೂ ಮಕ್ಕಳಾಗಲಿಲ್ಲ. ಗಂಡ ಸತ್ತಾಗ ಇಬ್ಬರ ಬಳೆಯನ್ನೂ ಒಟ್ಟಿಗೇ ಒಡೆದಿದ್ದರು. ಇಲ್ಲದ ಮದುವೆಗೆ ಬಳೆ ಯಾಕೆ ಒಡೆಯಬೇಕಿತ್ತೋ, ಕೇಳುವವರಾರು?

ಪಿಂಚಣಿ ಕಾಶಮ್ಮನಿಗೆ ಹೋದದ್ದಕ್ಕೆ ಹಾಲಮ್ಮನಿಗೆ ಹೊಟ್ಟೆಯುರಿಯಲಿಲ್ಲ. ಅವಳ ಆಸೆಯೇ ಬೇರೆ ಇತ್ತು. ಹೆಂಡತಿ ಸತ್ತಿದ್ದ ಒಬ್ಬ ಒಳ್ಳೆಯ ಗಂಡನ್ನು ತಮ್ಮ ಈರಣ್ಣ ಅಜ್ಜಂಪುರದ ಕಡೆ ನೋಡಿದ್ದ. ಗಂಡ ಸತ್ತವಳಿಗೆ ಸೀರೆ ಉಡಿಸಿ ಇನ್ನೊಂದು ಮನೆ ಸೇರಿಸುವ ಸೀರುಡಿಕೆ ಅವರಲ್ಲಿ ಹಳೆಯ ಪದ್ಧತಿ. ಆದರೆ ಸತ್ತವನ ಮನೆಯವರು ಹಿರಿಯರ ಮುಂದೆ "ಬಿಟ್ಟೆವು" ಅನ್ನಬೇಕು. ಆ ಮಾತು ಈಗ ಕಾಶಮ್ಮನ ಬಾಯಲ್ಲಿತ್ತು. ಮದುವೆಯೇ ಇಲ್ಲ ಎಂದ ಮೇಲೆ ಬಿಡುವುದೇನು ಕಷ್ಟ ಎಂದುಕೊಂಡು, ಹಾಲಮ್ಮ ಈರಣ್ಣನನ್ನು ಕರೆಸಿಕೊಂಡು, ಆ ಕಾಗದ ಹಿಡಿದೇ ಪಂಚಾಯ್ತಿಗೆ ಬಂದಳು. ಪಾಪ, ಖುಷಿಯಾಗಿಯೇ ಬಂದಳು.

"ಯಾಕ್ ಬಿಡ್ಲಿ?" ಅಂದಳು ಕಾಶಮ್ಮ. "ನಾನೇ ನಿಂತು ಮಾಡ್ಸಿದ ಮದುವೆ."

"ಅಕ್ಕಾ, ಗಂಡನಿಗೆ ಬೇರೆ ಹೆಂಡ್ತಿ ಇಲ್ಲ ಅಂತ ಪಿಂಚಣಿ ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ಯಲ್ಲ!"

"ಅದು ಆಫೀಸಿನ ಮಾತು ಕಣೇ, ಇದು ಮನೆ ಮಾತು. ನಂಗೆ ಕಣ್ಣು ಮಂಜಾಗ್ತಾ ಐತೆ. ನೀನೂ ಹೋದ್ರೆ ನಂಗೆ ಒಂದು ಲೋಟ ನೀರು ಕೊಡೋರ್ಯಾರೇ?" ಅನ್ನುತ್ತಲೇ ಅತ್ತುಬಿಟ್ಟಳು.

ಹಿರಿಯರಾದ ಗಂಗಾಧರಯ್ಯ ಗಂಟಲು ಸರಿಮಾಡಿಕೊಂಡರು. "ನೋಡಮ್ಮಾ, ದೈವದ ಮುಂದೆ ಆದ ಮದುವೇನ ಕಾಗದ ಇಲ್ಲ ಅಂದ್ರೆ ಆಯ್ತಾ? ನೀನು ಈ ಮನೆ ಸೊಸೆ."

"ಸೊಸೆ ಅಂದ್ಮೇಲೆ ಗಂಡನ ತೆಂಗಿನ ತೋಟದಲ್ಲಿ ಪಾಲು ಕೊಡ್ಸಿ, ಇದ್ಬಿಡ್ತೀನಿ."

"ಪಾಲಾ? ಅದೆಂಗಾಯ್ತದೆ? ನಿನ್ನ ಮದುವೆ ಅನೂರ್ಜಿತ ಅಲ್ವೇನಮ್ಮಾ!"

ಎಂಥಾ ನಾಲಿಗೆ ನೋಡಿ! ಅರ್ಧ ಗಂಟೆಯ ಹಿಂದೆ ಆ ಪದ ಅವರಿಗೇ ಗೊತ್ತಿರಲಿಲ್ಲ. ಕಟ್ಟೆಯ ಮೇಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿ, ಪಂಚೆ ಕೊಡವಿಕೊಂಡು ಎದ್ದರು. ಹಾಲಮ್ಮ ಕಾಗದ ಮಡಚಿ ಸೆರಗಿಗೆ ಕಟ್ಟಿಕೊಂಡಳು.

ಈರಣ್ಣನನ್ನು ಬಸ್ಸು ಹತ್ತಿಸಲು ಹೋದಾಗ ಅವನು ಅವಳ ಕೈ ಹಿಡಿದುಕೊಂಡ. "ಅಕ್ಕಾ, ಇವರ ಮಾತೇನು ಕೇಳ್ತೀಯೆ? ಸುಮ್ನೆ ಹತ್ತಿ ಬಂದ್ಬಿಡು."

"ಆ ಅಜ್ಜಂಪುರದೋರು ಬಿಡುಗಡೆ ಇಲ್ದೆ ಸೀರೆ ಉಡಿಸ್ತಾರಾ?"

ಈರಣ್ಣ ತಲೆ ತಗ್ಗಿಸಿದ. "ಉಡಿಸಲ್ಲ. ಸುಮ್ನೆ ಮನೇಲಿ ಇಟ್ಕೊಳ್ತಾರೆ."

ಹಾಲಮ್ಮ ಕೈ ಬಿಡಿಸಿಕೊಂಡಳು. "ಆಗದೇ ಇರೋ ಮದುವೇಲಿ ಎಂಟು ವರ್ಷ ಸಂಸಾರ ಮಾಡಿದೀನಿ ಕಣೋ. ಇನ್ನೊಂದು ನನ್ನ ಕೈಲಾಗಲ್ಲ."

ಬಸ್ಸು ಹೋಯಿತು. ಆಗ ಅವಳಿಗೆ ಇಪ್ಪತ್ತೇಳು ವರ್ಷ.