ಸಗ್ಡನ್ ಮುದುಕನ ಮುಳ್ಳುಕಡ್ಡಿ

"ನಾನು ಕೂರಿಸಿದ ಬ್ರೇಕು ಇವತ್ತಿನವರೆಗೆ ಯಾರಿಗೂ ಕೈಕೊಟ್ಟಿಲ್ಲ" ಎಂಬುದು ನಮ್ಮ ಯಾರ್ಕ್‌ಶೈರ್ ಊರಿನ ಸೈಕಲ್ ರಿಪೇರಿಯ ಸಗ್ಡನ್ ಮುದುಕನ ನಿತ್ಯದ ಸುಪ್ರಭಾತ. ನಮ್ಮೂರ ಇಳಿಜಾರು ಎಂಥದ್ದೆಂದರೆ, ಮೇಲಿನ ಮನೆಯವರು ಸೀನಿದರೆ ಕೆಳಗಿನ ಮನೆಯವರ ಟೊಪ್ಪಿಗೆ ಹಾರುತ್ತದೆ. ಆದ್ದರಿಂದ ಅವನ ಮಾತಿಗೆ ಪಾದ್ರಿಯ ಮಾತಿಗಿಂತ ಹೆಚ್ಚು ಬೆಲೆ. ಅಪ್ಪನ ಕಾಲದ ರೇಸ್ ಸೈಕಲ್ಲಿಗೆ ಈಗಿನ ಅಳತೆಯ ತುಸು ಚಿಕ್ಕ ಚಕ್ರ ಹಾಕಿಸಲು ಯಾರೇ ಬರಲಿ, ಮೊದಲು ಚಹಾ ಕುಡಿಸುತ್ತಾನೆ. ಆಮೇಲೆ ಅಳತೆಗೆಂದು ಗೀರು ಹಾಕಿದ ಮುಳ್ಳುಗಿಡದ ಕಡ್ಡಿಯೊಂದನ್ನು ತೆಗೆದು, ಬ್ರೇಕು ಕೂರಿಸುವ ತೂತಿನಿಂದ ಚಕ್ರದ ರಿಮ್ಮಿನವರೆಗೆ ಮೂರು ಸಲ ಅಳೆಯುತ್ತಾನೆ. ನಾನೂ ಅಂಥದೇ ಸೈಕಲ್ಲಿನ ಜೊತೆ ಥಳಥಳಿಸುವ ಗಿಡ್ಡ ಕೈಯ ಬ್ರೇಕು ಒಯ್ದಿದ್ದೆ. "ಹೊಸ ರಿಮ್ಮು ನಾಲ್ಕು ಮಿಲಿಮೀಟರ್ ಕೆಳಗೆ ಬರ್ತದೆ, ಮಗಾ" ಎಂದ, ಅರವತ್ತು ದಾಟಿದ ನನಗೆ. "ಇದರ ಕೈ ಅಲ್ಲಿಗೆ ಎಟುಕಲ್ಲ, ರಿಮ್ಮು ಬಿಟ್ಟು ಟೈರನ್ನ ಕಚ್ತದೆ. ಉದ್ದ ಕೈಯದ್ದು ಹಾಕು, ಇಲ್ಲಾ ಶವಪೆಟ್ಟಿಗೆಯವನ ಹತ್ರ ಹೋಗು." ಉದ್ದ ಕೈಯದ್ದನ್ನೇ ಹಾಕಿಸಿ, ಭಾನುವಾರ ಇಳಿಜಾರನ್ನೆಲ್ಲ ಇಳಿದು ಅವನ ಬಾಗಿಲಲ್ಲೇ ನಿಂತಾಗ ನಾನು ಬಿಟ್ಟ ನಿಟ್ಟುಸಿರಿಗೆ ಅಂಗಡಿಯ ಗಾಜೆಲ್ಲ ಮಂಜಾಯಿತು. "ನೋಡಿದ್ಯಾ, ಯಾರಿಗೂ ಕೈಕೊಟ್ಟಿಲ್ಲ" ಎಂದು ಅವನು ಶುರುಮಾಡುವಷ್ಟರಲ್ಲಿ ಒಳಗಿನಿಂದ ಅವನ ಹೆಂಡತಿ ಎನಿಡ್ ಬಂದಳು. "ಹಾಗಾದ್ರೆ ಮದುವೆಗೆ ಮುಂಚೆ ನನ್ನನ್ನ ಮುಳ್ಳುಬೇಲಿಗೆ ಎಸೆದಿದ್ದು ಯಾರ ಬ್ರೇಕು? ಹೊಸ ಚಕ್ರಕ್ಕೆ ಹಳೇ ಬ್ರೇಕೇ ಸಾಕು ಅಂದಿದ್ದು ನೀನೇ, ಅದು ಕಚ್ಚಿ ಟೈರು ಒಡೀತು. ಈ ಅಳತೆಕಡ್ಡೀನೂ ಅದೇ ಬೇಲೀದು." ಸಗ್ಡನ್ ಕಡ್ಡಿಯನ್ನು ಜೇಬಿಗಿಳಿಸಿದ. "ಬೇಲಿಯೊಳಗಿಂದ ನನ್ನ ಏಳು ತಲೆಮಾರು ಸೇರಿಸಿ ಬೈದ್ಯಲ್ಲ ಮಾರಾಯ್ತಿ, ಅಷ್ಟು ಹಿತವಾದ ಮಾತು ನಾನು ಆಮೇಲೆ ಕೇಳೇ ಇಲ್ಲ."